678 ಧರ್ಮಭಗಿನಿಯರು ಬಿಟ್ಟುಹೋದ ದಾನ



ಜುಲೈ 26 ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಇವರು ಮಾತೆ ಮರಿಯಮ್ಮನವರ ತಂದೆತಾಯಿ, ಪ್ರಭು ಯೇಸುವಿನ ಅಜ್ಜ-ಅಜ್ಜಿ. ಈ ಹಬ್ಬಕ್ಕೆ ಹತ್ತಿರವಾಗಿ, ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವಾಗಿ ಆಚರಿಸುವ ಕ್ರಮವನ್ನು ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಆರಂಭಿಸಿದರು. ಅಂದಿನಿಂದ ನಮ್ಮ ಧರ್ಮಕೇಂದ್ರಗಳಲ್ಲಿಯೂ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಶಾಲು ಹೊದಿಸಿ, ಬಲಿಪೂಜೆಯ ನಂತರ ಉಪಾಹಾರ ಕೊಡುವ ಪದ್ಧತಿ ಬೆಳೆದಿದೆ. ಒಳ್ಳೆಯ ಪದ್ಧತಿಯೇ ಸರಿ. ಆದರೆ ಆ ಸಾಲಿನಲ್ಲಿ ಯಾರು ಕೂತಿರುತ್ತಾರೆ ಎಂಬುದನ್ನು ಗಮನಿಸಿದ್ದೀರಾ? ನಡೆದು ಬರಬಲ್ಲವರು, ಹೆಸರು ಕರೆದರೆ ಎದ್ದು ನಿಲ್ಲಬಲ್ಲವರು. ಹೆಸರು ಕರೆದರೂ ಅದು ತಮ್ಮದೆಂದು ತಿಳಿಯದ ಹಿರಿಯರು ಮನೆಯ ಹಿಂದಿನ ಕೋಣೆಯಲ್ಲಿ ಉಳಿದಿರುತ್ತಾರೆ. ಮೊದಲ ಶುಕ್ರವಾರ ಪರಮಪ್ರಸಾದ ಕೊಂಡೊಯ್ಯುವಾಗ ಮಾತ್ರ ಗುರುಗಳಾದ ನಾವು ಅವರನ್ನು ಕಾಣುತ್ತೇವೆ. "ಏನಿಲ್ಲ ಫಾದರ್, ವಯಸ್ಸಾಯಿತಲ್ಲ, ಅರಳು ಮರಳು" ಎಂದು ಮನೆಯವರು ಬಾಗಿಲಲ್ಲೇ ಹೇಳಿಬಿಡುತ್ತಾರೆ.

ಅರವತ್ತಕ್ಕೆ ಅರಳು ಮರಳು ಎಂಬ ಮಾತು ಕೇಳಲು ತಮಾಷೆಯಾಗಿದೆ. ಆದರೆ ಅದು ಒಂದು ಕಾಯಿಲೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತದೆ. ವಯಸ್ಸಿಗೆ ಮದ್ದಿಲ್ಲ, ಆದ್ದರಿಂದ ವೈದ್ಯರ ಬಳಿಗೆ ಹೋಗುವ ಮಾತೂ ಬರುವುದಿಲ್ಲ. ಈ ಸಲದ ಹಬ್ಬಕ್ಕೆ ಹಿರಿಯರ ಗುಣಗಾನವನ್ನು ಬದಿಗಿಟ್ಟು, ಅವರ ಮಿದುಳಿನ ಬಗ್ಗೆ ವೈದ್ಯಲೋಕ ಕಂಡುಕೊಂಡಿರುವ ಒಂದು ಮುಖ್ಯ ಸಂಗತಿಯನ್ನು ಬಿಡಿಸಿ ಹೇಳೋಣ ಎನಿಸಿತು. ಅದನ್ನು ತಿಳಿಯಲು ತಮ್ಮನ್ನೇ ಒಪ್ಪಿಸಿದವರು ನಮ್ಮ ಧರ್ಮಸಭೆಯ ಕನ್ಯಾಸ್ತ್ರೀಯರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಮರೆವು ಬೇರೆ, ಕಾಯಿಲೆ ಬೇರೆ

ಅಕ್ಕನ ಮಗಳ ಮದುವೆ ಆದದ್ದು ಯಾವ ವರ್ಷ ಎಂಬುದು ನೆನಪಾಗದಿದ್ದರೆ ಅದು ವಯಸ್ಸು. ನಲವತ್ತು ವರ್ಷ ತಾನೇ ಮಾಡಿದ ಸಾರಿಗೆ ಮೊದಲು ಏನು ಹಾಕಬೇಕು ಎಂದು ಒಲೆಯ ಮುಂದೆ ನಿಂತು ತೋಚದಿದ್ದರೆ, ಮದುವೆಯಾಗಿ ಬಂದಂದಿನಿಂದ ನಡೆದ ಚರ್ಚಿನ ದಾರಿ ಒಂದು ಬೆಳಿಗ್ಗೆ ತಪ್ಪಿಹೋದರೆ, ಅದಕ್ಕೆ ವಯಸ್ಸನ್ನು ದೂರಿ ಸುಮ್ಮನಾಗುವಂತಿಲ್ಲ. ನೆನಪು, ಮಾತು, ಲೆಕ್ಕ, ತೀರ್ಮಾನ ಇವು ಕ್ರಮೇಣ ಕುಂದಿ ದಿನನಿತ್ಯದ ಬದುಕೇ ಸಾಗದಂತಾಗುವ ಸ್ಥಿತಿಗೆ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಅದಕ್ಕೆ ಕಾರಣಗಳು ಹಲವು. ಅತಿ ಸಾಮಾನ್ಯವಾದದ್ದು ಆಲ್ಝೈಮರ್ ಕಾಯಿಲೆ.

ಆ ಹೆಸರು ಬಂದದ್ದು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಅವರಿಂದ. ತೀರಿಕೊಂಡ ಒಬ್ಬ ಮಹಿಳೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ತಾವು ಕಂಡದ್ದನ್ನು ಅವರು 1906ರಲ್ಲಿ ವೈದ್ಯರ ಸಭೆಯ ಮುಂದಿಟ್ಟರು. ನರಕೋಶಗಳ ಹೊರಗೆ ಮಡ್ಡಿಯಂತೆ ಕಟ್ಟಿಕೊಂಡ ಪ್ರೋಟೀನು ಒಂದು, ಅದು ಪ್ಲೇಕ್. ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳು ಇನ್ನೊಂದು, ಅದು ಟ್ಯಾಂಗಲ್. ಇವೆರಡೂ ಇಂದಿಗೂ ಆ ಕಾಯಿಲೆಯ ಗುರುತುಗಳು. ಅಂದಹಾಗೆ ಆ ಮಹಿಳೆಗೆ ಕಾಯಿಲೆ ಕಾಣಿಸಿಕೊಂಡಾಗ ಐವತ್ತು ದಾಟಿತ್ತಷ್ಟೆ. ಅರವತ್ತು ತುಂಬುವ ಮೊದಲೇ ಆಕೆ ತೀರಿಕೊಂಡರು. ನಮ್ಮ ಗಾದೆ ಅಲ್ಲಿಗೇ ಬಿದ್ದುಹೋಗಬೇಕಿತ್ತು.

ನಮ್ಮ ದೇಶದ ಲೆಕ್ಕವೂ ಈಗ ಸಿಕ್ಕಿದೆ. ಹಲವು ರಾಜ್ಯಗಳಲ್ಲಿ ಹಿರಿಯರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಈ ಲೆಕ್ಕವನ್ನು ತಿರುಗಿಸಿಯೂ ಓದಬೇಕು: ನೂರರಲ್ಲಿ 92ಕ್ಕೂ ಹೆಚ್ಚು ಹಿರಿಯರಿಗೆ ಈ ಕಾಯಿಲೆ ಇಲ್ಲ. ಮುಪ್ಪಿನ ಜೊತೆಗೆ ಬಂದೇ ತೀರಬೇಕಾದ ಪಾಲು ಇದಲ್ಲ.

ಗುಡ್ಡದ ಮೇಲಿನ ಕಾನ್ವೆಂಟು

ಸ್ಕೂಲ್ ಸಿಸ್ಟರ್ಸ್ ಆಫ್ ನೋಟರ್ ಡೇಮ್ ಎಂಬುದು 1833ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿದ ಸಭೆ. ಹೆಸರೇ ಹೇಳುವಂತೆ ಶಾಲಾ ಶಿಕ್ಷಣವೇ ಅವರ ಸೇವೆ. ಅಮೆರಿಕದ ಮಿನೆಸೋಟಾ ರಾಜ್ಯದ ಮ್ಯಾಂಕೇಟೋ ಎಂಬ ಊರಿನ ಗುಡ್ಡದ ಮೇಲೆ ಈ ಸಭೆಯ ಕಾನ್ವೆಂಟು ಇತ್ತು. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕ ಅಲ್ಲಿಗೆ ಬಂದು, ವಯಸ್ಸಾಗುವುದೆಂದರೆ ಏನು ಎಂಬುದನ್ನು ನಿಮ್ಮಿಂದ ಕಲಿಯಬೇಕು ಎಂದು ಕೇಳಿಕೊಂಡರು.

ಕನ್ಯಾಸ್ತ್ರೀಯರೇ ಏಕೆ? ಲೋಕದಲ್ಲಿ ಇಬ್ಬರು ಅಜ್ಜಿಯರನ್ನು ಹೋಲಿಸುವುದು ಕಷ್ಟ. ಒಬ್ಬರು ಎಂಟು ಹೆತ್ತವರು, ಇನ್ನೊಬ್ಬರಿಗೆ ಮಕ್ಕಳಿಲ್ಲ. ಒಬ್ಬರ ಮನೆಯಲ್ಲಿ ಊಟಕ್ಕೆ ಬರ, ಒಬ್ಬರ ಮನೆಯಲ್ಲಿ ಸಮೃದ್ಧಿ. ಒಬ್ಬರು ಹೊಗೆಸೊಪ್ಪು ಹಾಕುವವರು, ಒಬ್ಬರು ಮುಟ್ಟದವರು. ಯಾವುದರಿಂದ ಯಾವ ಕಾಯಿಲೆ ಬಂತು ಎಂದು ಬೇರ್ಪಡಿಸುವುದು ಹೇಗೆ? ಕಾನ್ವೆಂಟಿನಲ್ಲಿ ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಗಂಟೆ, ಹೆಚ್ಚುಕಡಿಮೆ ಒಂದೇ ಕೆಲಸ. ಹೊಗೆ, ಮದ್ಯದ ಪ್ರಶ್ನೆ ಇಲ್ಲದಷ್ಟೇ. ಮೇಲಾಗಿ ಸಭೆಗೆ ಸೇರಿದ ದಿನದಿಂದ ಪ್ರತಿಯೊಬ್ಬರ ಕಾಗದಪತ್ರಗಳೂ ಬೀರುವಿನಲ್ಲಿ ಭದ್ರ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಹೊಲ ಸಿಗುವಂತಿರಲಿಲ್ಲ.

1990ರ ನಂತರ ಈ ಕೆಲಸ ಕೆಂಟಕಿ ವಿಶ್ವವಿದ್ಯಾಲಯದಿಂದ ಮುಂದುವರಿದು, ಅದೇ ಸಭೆಯ ಬೇರೆ ಪ್ರಾಂತಗಳ ಸಿಸ್ಟರ್‌ಗಳನ್ನೂ ಕೇಳಲಾಯಿತು. ಕೇಳಿದ್ದು ಮೂರು. ಪ್ರತಿವರ್ಷ ನೆನಪಿನ ಹಾಗೂ ದೇಹಬಲದ ಪರೀಕ್ಷೆಗೆ ಕೂರಬೇಕು. ಹಳೆಯ ಕಡತಗಳನ್ನು ನೋಡಲು ಬಿಡಬೇಕು. ಸತ್ತ ಮೇಲೆ ಮಿದುಳನ್ನು ಕೊಡಬೇಕು. 75ರಿಂದ 102 ವರ್ಷದವರೆಗಿನ 678 ಮಂದಿ ಸಿಸ್ಟರ್‌ಗಳು ಮೂರಕ್ಕೂ ಒಪ್ಪಿ ಸಹಿ ಹಾಕಿದರು.

ಮೂರನೆಯದನ್ನು ಕೇಳಿದಾಗ ಯಾರಿಗಾದರೂ ಒಳಗೆ ಅಳುಕು ಬಾರದೆ ಇರದು. ದೇಹದ ಪುನರುತ್ಥಾನವನ್ನು ನಂಬುವವರು ನಾವು. ನೇತ್ರದಾನದ ಮಾತು ಎತ್ತಿದಾಗ ನಮ್ಮ ಊರುಗಳಲ್ಲಿಯೂ ಇದೇ ಪ್ರಶ್ನೆ ಬರುತ್ತದೆ: ಕಣ್ಣಿಲ್ಲದೆ ದೇವರ ಮುಂದೆ ನಿಲ್ಲುವುದೆಂತು? ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಸ್ವಂತ ಒಪ್ಪಿಗೆಯಿಂದ ಮರಣಾನಂತರ ಮಾಡುವ ಅಂಗದಾನವನ್ನು ಅದು ಉದಾತ್ತ ಕಾರ್ಯವೆಂದೇ ಎಣಿಸುತ್ತದೆ. ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದ ಈ ಸಿಸ್ಟರ್‌ಗಳು ಸತ್ತ ಮೇಲೂ ಅದನ್ನು ನಿಲ್ಲಿಸಲಿಲ್ಲ.

ಮಿದುಳಿನಲ್ಲಿ ಕಾಯಿಲೆ, ಮಾತಿನಲ್ಲಿ ಇಲ್ಲ

ಅಧ್ಯಯನದ ಬರಹಗಳು ಸಿಸ್ಟರ್ ಮೇರಿ ಎಂದು ಕರೆಯುವ ಒಬ್ಬರು 101 ವರ್ಷ ಬದುಕಿದರು. ಹತ್ತೊಂಬತ್ತನೆಯ ವಯಸ್ಸಿಗೆ ಶಾಲೆಯಲ್ಲಿ ಕಲಿಸಲು ಆರಂಭಿಸಿ, 77ರವರೆಗೆ ಪೂರ್ಣಕಾಲ, 84ರವರೆಗೆ ಅರೆಕಾಲ ಪಾಠ ಹೇಳಿದವರು. ಕಲಿಸುತ್ತಲೇ ಬೇಸಿಗೆ ರಜೆಗಳಲ್ಲಿ ತಾವೂ ಓದಿ, ಹೈಸ್ಕೂಲು ಮುಗಿಸಿದಾಗ ವಯಸ್ಸು 41. ಕೊನೆಯ ಪರೀಕ್ಷೆಗಳಲ್ಲಿಯೂ ಅವರಿಗೆ ಒಳ್ಳೆಯ ಅಂಕ. ಸತ್ತ ಮೇಲೆ ಅವರ ಮಿದುಳನ್ನು ತೆರೆದು ನೋಡಿದರೆ ಅಲ್ಲಿ ಪ್ಲೇಕ್ ಮತ್ತು ಟ್ಯಾಂಗಲ್‌ಗಳು ಹೇರಳವಾಗಿದ್ದವು. ಆಲ್ಝೈಮರ್ ಕಾಯಿಲೆಯ ಗುರುತೆಲ್ಲ ಅಲ್ಲಿತ್ತು. ಕಾಯಿಲೆಯ ಲಕ್ಷಣ ಮಾತ್ರ ಅವರ ಬದುಕಿನಲ್ಲಿ ಇರಲಿಲ್ಲ.

ಇದನ್ನು ನಮ್ಮ ಮಲೆನಾಡಿನ ಕಡೆಯ ಒಂದು ಹೋಲಿಕೆಯಿಂದ ವಿವರಿಸಬಹುದು. ಮಳೆಗಾಲದಲ್ಲಿ ಗುಡ್ಡ ಜರಿದು ಚರ್ಚಿಗೆ ಹೋಗುವ ಡಾಂಬರು ರಸ್ತೆ ಮುಚ್ಚಿಹೋಯಿತು ಎನ್ನೋಣ. ಆ ರಸ್ತೆಯೊಂದನ್ನೇ ಬಲ್ಲವರು ಮನೆಯಲ್ಲಿ ಕೂರಬೇಕು. ತೋಟದ ನಡುವಿನ ಕಾಲುದಾರಿಗಳನ್ನು ಬಲ್ಲವರು ಸುತ್ತಿ ಬಳಸಿಯಾದರೂ ಪೂಜೆಗೆ ಬಂದು ಮುಟ್ಟುತ್ತಾರೆ. ಓದು, ಕಲಿಸುವಿಕೆ, ಜನರೊಡನೆ ಒಡನಾಟ ಇವೆಲ್ಲ ಮಿದುಳಿನಲ್ಲಿ ಕಾಲುದಾರಿಗಳನ್ನು ತುಳಿದಿಡುತ್ತವೆ ಎಂದು ವೈದ್ಯರು ಭಾವಿಸುತ್ತಾರೆ.

ಇದಕ್ಕೆ ಪುಷ್ಟಿ ಕೊಟ್ಟ ಇನ್ನೊಂದು ಸಂಗತಿ ಕಡತಗಳಲ್ಲಿ ಸಿಕ್ಕಿತು. 1930ರ ಸುಮಾರಿನಲ್ಲಿ, ವ್ರತ ಸ್ವೀಕರಿಸುವ ಮೊದಲು ಪ್ರತಿಯೊಬ್ಬ ಯುವತಿಯೂ ಒಂದು ಪುಟದಷ್ಟು ಆತ್ಮಕಥೆ ಬರೆದುಕೊಡಬೇಕಿತ್ತು. ಬರೆದಾಗ ಅವರ ಸರಾಸರಿ ವಯಸ್ಸು 22. ಹಾಗೆ ಬರೆದ 93 ಮಂದಿಯ ಬರಹಗಳನ್ನು ಪರಿಶೀಲಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾಕ್ಯಗಳಲ್ಲಿ ವಿಚಾರಗಳು ದಟ್ಟವಾಗಿದ್ದವರು ಸುಮಾರು ಆರು ದಶಕಗಳ ನಂತರವೂ ಚುರುಕಾಗಿದ್ದರು. ವಿಚಾರಗಳು ತೀರ ವಿರಳವಾಗಿದ್ದವರಲ್ಲಿ ಮರೆವಿನ ಕಾಯಿಲೆ ಹೆಚ್ಚಾಗಿತ್ತು. ಇದರಿಂದ ಡೈರಿ ಬರೆದರೆ ಆಲ್ಝೈಮರ್ ಬರುವುದಿಲ್ಲ ಎಂದು ಕೆಲವರು ಅರ್ಥ ಮಾಡಿಕೊಂಡರು. ಅಧ್ಯಯನ ಹಾಗೆ ಹೇಳಿಲ್ಲ. ಬಾಲ್ಯ-ಯೌವನದ ಕಲಿಕೆಗೂ ಮುಪ್ಪಿನ ಮಿದುಳಿಗೂ ನಂಟಿದೆ ಎಂಬಷ್ಟು ಮಾತ್ರ ಅದರಿಂದ ಹೇಳಬಹುದು. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದ ಕಾಲದ ಸಾಲವನ್ನು ಇಂದಿನ ಅಜ್ಜಿಯರು ತೀರಿಸುತ್ತಿದ್ದಾರೆಯೇ ಎಂಬ ಪ್ರಶ್ನೆ, ಮೇಲೆ ಹೇಳಿದ ನಮ್ಮ ದೇಶದ ಲೆಕ್ಕವನ್ನು ನೋಡಿದಾಗ ಏಳದೆ ಇರದು.

ನಮ್ಮ ಮನೆಗಳಿಗೆ ಸಮಾಧಾನ ತರುವ ಸಂಗತಿಯೂ ಒಂದಿದೆ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತು. ಮನೆಯಲ್ಲಿ ಕೊಂಕಣಿಯೋ ತಮಿಳೋ, ಪೇಟೆಯಲ್ಲಿ ತುಳುವೋ ಉರ್ದುವೋ, ಚರ್ಚಿನಲ್ಲಿ ಕನ್ನಡ ಎಂಬಂತೆ ಬದುಕುವ ನಮ್ಮ ಜನ ಮೊಮ್ಮಕ್ಕಳಿಗೆ ಮನೆಮಾತು ಬೇಡವೆನ್ನುವಾಗ ಇದನ್ನು ನೆನೆದರೆ ಒಳಿತು.

ಕಾಲುಸಂಕ ಮುರಿದರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿಸ್ಟರ್ ಮೇರಿಯಂತೆ ಕೆಲವರ ಮಿದುಳು ಕಾಯಿಲೆಯನ್ನು ತಡೆದುಕೊಂಡಿತು, ಉಳಿದವರದ್ದು ಏಕೆ ತಡೆಯಲಿಲ್ಲ? ತೀರಿಕೊಂಡ 102 ಸಿಸ್ಟರ್‌ಗಳ ಮಿದುಳನ್ನು ಪರಿಶೀಲಿಸಿ 1997ರಲ್ಲಿ ಸ್ನೋಡನ್ ತಂಡ ಒಂದು ಉತ್ತರ ಕೊಟ್ಟಿತು. ಅವರಲ್ಲಿ 61 ಮಂದಿಯ ಮಿದುಳಿನಲ್ಲಿ ಆಲ್ಝೈಮರ್ ಗುರುತುಗಳು ಬೇಕಾದಷ್ಟಿದ್ದವು. ಈ 61 ಮಂದಿಯ ಮಿದುಳಿನಲ್ಲಿ ಸಣ್ಣ ಪಾರ್ಶ್ವವಾಯುಗಳ ಕಲೆ ಇದೆಯೇ ಎಂದು ಹುಡುಕಿದರು. ಕಲೆಯಿಲ್ಲದವರಲ್ಲಿ ನೂರಕ್ಕೆ 57ರಷ್ಟು ಜನ ಬದುಕಿದ್ದಾಗ ಡಿಮೆನ್ಷಿಯಾಕ್ಕೆ ತುತ್ತಾಗಿದ್ದರು. ಮಿದುಳಿನ ಆಳದಲ್ಲಿ ಒಂದೋ ಎರಡೋ ಸಣ್ಣ ಕಲೆಯಿದ್ದವರಲ್ಲಿ ನೂರಕ್ಕೆ 93. ಇನ್ನೂ ಗಮನಿಸಬೇಕಾದದ್ದು, ಆಲ್ಝೈಮರ್ ಗುರುತು ಅಷ್ಟಿಲ್ಲದ ಉಳಿದ 41 ಮಂದಿಯಲ್ಲಿ ಇಂಥ ಕಲೆಗಳು ತಾವಾಗಿ ಅಷ್ಟೇನೂ ಹಾನಿ ಮಾಡಿರಲಿಲ್ಲ. ಎರಡೂ ಕೂಡಿದಾಗಲೇ ಮನಸ್ಸು ಕುಸಿದಿತ್ತು.

ಈ ಕಲೆಗಳು ಎಷ್ಟು ದೊಡ್ಡವು? ತೊಗರಿಬೇಳೆಯಿಂದ ಹುಣಸೆಬೀಜದ ಗಾತ್ರದವು. ಪಾರ್ಶ್ವವಾಯು ಎಂದರೆ ನಾವು ಬಾಯಿ ಸೊಟ್ಟಗಾಗುವುದು, ಕೈಕಾಲು ಬೀಳುವುದು ಎಂದುಕೊಂಡಿದ್ದೇವೆ. ಆದರೆ ಕೂದಲಿನಷ್ಟು ತೆಳುವಾದ ಒಂದು ರಕ್ತನಾಳ ಮುಚ್ಚಿದಾಗ ಎಷ್ಟೋ ಸಲ ಏನೂ ತಿಳಿಯುವುದಿಲ್ಲ. ಆ ದಿನ ಸ್ವಲ್ಪ ತಲೆ ತಿರುಗಿತು, ಮಲಗಿ ಎದ್ದರು, ಅಷ್ಟೆ. ನಮ್ಮ ಹೋಲಿಕೆಯನ್ನೇ ಮುಂದುವರಿಸಿದರೆ, ಕಾಲುದಾರಿಗಳು ಹತ್ತಿದ್ದರೂ ಹಳ್ಳ ದಾಟಲು ಇರುವುದು ಒಂದೇ ಕಾಲುಸಂಕ. ಮಿದುಳಿನ ಆಳದ ಭಾಗಗಳು ಅಂಥ ಕಾಲುಸಂಕಗಳು. ಅನೇಕ ದಾರಿಗಳು ಅಲ್ಲಿ ಕೂಡುತ್ತವೆ. ಹೆದ್ದಾರಿ ಮೊದಲೇ ಮುಚ್ಚಿರುವ ಊರಿನಲ್ಲಿ ಸಂಕವೂ ಮುರಿದರೆ ಊರು ಕಡಿದುಹೋಗುತ್ತದೆ.

ಹೆದ್ದಾರಿಯ ಮಣ್ಣು ತೆಗೆಯುವುದು, ಅಂದರೆ ಪ್ಲೇಕ್‌ಗಳನ್ನು ಹೋಗಲಾಡಿಸುವುದು, ಇನ್ನೂ ಕಷ್ಟದ ಕೆಲಸ. ಅದಕ್ಕೆಂದು ಲೆಕನೆಮ್ಯಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಕಾಯಿಲೆಯ ಆರಂಭದಲ್ಲಿರುವವರಲ್ಲಿ ಅದು ಇಳಿಜಾರಿನ ವೇಗವನ್ನು ಕೊಂಚ ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ನೆನಪಿನ ಶಕ್ತಿಗೆಂದು ಪೇಟೆಯಲ್ಲಿ ಮಾರುವ ಟಾನಿಕ್ಕುಗಳ ಬಗ್ಗೆ ಬರೆಯಲು ಪುಟ ವ್ಯರ್ಥ ಮಾಡುವುದಿಲ್ಲ. ಆದರೆ ಕಾಲುಸಂಕವನ್ನು ಕಾಯುವ ಕೆಲಸ ನಮ್ಮ ಕೈಯಲ್ಲಿದೆ. ಆ ಸಣ್ಣ ರಕ್ತನಾಳಗಳನ್ನು ಕೆಡಿಸುವವು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆ ಮತ್ತು ಕೊಬ್ಬು. ಇವೆಲ್ಲ ಹಳೆಯ, ಪರಿಚಿತ ಶತ್ರುಗಳು.

102 ಮಂದಿಯ ಲೆಕ್ಕವೊಂದರಿಂದಲೇ ಇಷ್ಟು ದೊಡ್ಡ ಮಾತು ಆಡಬಹುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ರಕ್ತದೊತ್ತಡವನ್ನು ನಿಜವಾಗಿ ಇಳಿಸಿ ನೋಡಬೇಕಿತ್ತು. ಅಮೆರಿಕದಲ್ಲಿ ಬಿ.ಪಿ. ಇರುವ 9,300ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಮೇಲಿನ ಅಂಕಿಯನ್ನು 140ಕ್ಕಿಂತ ಕೆಳಗೆ, ಇನ್ನೊಂದರಲ್ಲಿ 120ಕ್ಕಿಂತ ಕೆಳಗೆ ಇಟ್ಟರು. 2019ರಲ್ಲಿ ಬಂದ ಫಲಿತಾಂಶದಂತೆ, ಹೆಚ್ಚು ಇಳಿಸಿದವರಲ್ಲಿ ಡಿಮೆನ್ಷಿಯಾದ ಮುನ್ನಿನ ಹಂತವಾದ ನೆನಪಿನ ಕುಸಿತ ನೂರಕ್ಕೆ 19ರಷ್ಟು ಕಡಿಮೆ. ಡಿಮೆನ್ಷಿಯಾ ಸಹ ಕಡಿಮೆ ಕಂಡಿತು, ಆದರೆ ಹೃದಯಕ್ಕೆ ಲಾಭ ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಬೇಗ ನಿಲ್ಲಿಸಿದ್ದರು. ಹಾಗಾಗಿ ಖಚಿತವಾಗಿ ಹೇಳುವಷ್ಟು ಸಂಖ್ಯೆ ಕೂಡಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಚೀನಾದ ಹಳ್ಳಿಗಳು. ಅಲ್ಲಿ 326 ಹಳ್ಳಿಗಳ, 40 ದಾಟಿದ ಸುಮಾರು 34,000 ಜನರ ನಡುವೆ ನಾಲ್ಕು ವರ್ಷ ಪ್ರಯೋಗ ನಡೆಯಿತು. ಅರ್ಧ ಹಳ್ಳಿಗಳಲ್ಲಿ, ದೊಡ್ಡ ಪದವಿಯಿಲ್ಲದ ಆದರೆ ತರಬೇತಿ ಪಡೆದ ಹಳ್ಳಿ ವೈದ್ಯರು ಜನರ ಬಿ.ಪಿ. ಅಳೆದು, ಅಗ್ಗದ ಮಾತ್ರೆಗಳನ್ನು ಹೊಂದಿಸಿಕೊಟ್ಟು, ಉಪ್ಪು ಕಡಿಮೆ ಮಾಡಿಸಿ, ಬಿಡದೆ ಬೆನ್ನುಹತ್ತಿದರು. 2025ರಲ್ಲಿ ಪ್ರಕಟವಾದಂತೆ ಆ ಹಳ್ಳಿಗಳಲ್ಲಿ ಡಿಮೆನ್ಷಿಯಾ ನೂರಕ್ಕೆ 15ರಷ್ಟು ಕಡಿಮೆಯಾಗಿತ್ತು. ಯಂತ್ರವಿಲ್ಲ, ದೊಡ್ಡ ಆಸ್ಪತ್ರೆಯಿಲ್ಲ. ಬಿ.ಪಿ. ಅಳೆಯುವ ಪಟ್ಟಿ, ಮಾತ್ರೆ, ಮತ್ತು ಬಿಡದೆ ಕೇಳುವ ಒಬ್ಬ ಮನುಷ್ಯ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? "ಬಿ.ಪಿ. ನಾರ್ಮಲ್ ಬಂತು, ಅದಕ್ಕೇ ಮಾತ್ರೆ ನಿಲ್ಲಿಸಿದೆ" ಎನ್ನುವವರನ್ನು ಪ್ರತಿ ಧರ್ಮಕೇಂದ್ರದಲ್ಲಿಯೂ ಕಾಣುತ್ತೇವೆ. ಮಾತ್ರೆ ನುಂಗಿದ್ದರಿಂದಲೇ ನಾರ್ಮಲ್ ಬಂದದ್ದು ಎಂಬುದು ಹೊಳೆಯುವುದಿಲ್ಲ. ಮಗನಿಗೆ ಖರ್ಚಾಗುತ್ತದೆಂದು ದಿನಕ್ಕೊಂದು ನುಂಗಬೇಕಾದ್ದನ್ನು ದಿನ ಬಿಟ್ಟು ದಿನ ನುಂಗುವ ತಾಯಂದಿರಿದ್ದಾರೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಮಾತ್ರೆಗಳು ಉಚಿತವಾಗಿ ಸಿಗುತ್ತವೆ ಎಂಬುದನ್ನು ಅವರಿಗೆ ಹೇಳಬೇಕು. ಊಟದ ತಟ್ಟೆಯಲ್ಲಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಮೂರೂ ಇದ್ದರೆ ಮಾತ್ರೆಯೊಂದೇ ಏನು ಮಾಡೀತು? ಅದೇ ರೀತಿ, ಬಿ.ಪಿ. ಇಳಿಯಲೆಂದು ಮಾತ್ರೆಯನ್ನು ತಾವಾಗಿಯೇ ಹೆಚ್ಚಿಸುವುದೂ ತಪ್ಪು; ಹಿರಿಯರು ಎದ್ದು ನಿಂತಾಗ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಯಾವ ಅಂಕಿ ಯಾರಿಗೆ ಸರಿ ಎಂಬುದನ್ನು ವೈದ್ಯರೇ ಹೇಳಬೇಕು.

ಉಪವಾಸದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಶುಗರ್ ಮಾತ್ರೆ ನುಂಗಿ, ಇನ್ಸುಲಿನ್ ಚುಚ್ಚಿಸಿಕೊಂಡು, ಶುಭ ಶುಕ್ರವಾರ ಹನಿ ನೀರಿಲ್ಲದೆ ಶಿಲುಬೆಯ ಹಾದಿಗೆ ಬಂದು ಕುಸಿಯುವ ಅಜ್ಜಂದಿರಿದ್ದಾರೆ. ಧರ್ಮಸಭೆಯ ಕಾನೂನಿನಲ್ಲಿ ಉಪವಾಸದ ಕಡ್ಡಾಯ 59 ತುಂಬಿದವರಿಗೆ ಇಲ್ಲ. ರೋಗಿಗಳಿಗಂತೂ ಯಾವ ವಯಸ್ಸಿನಲ್ಲಿಯೂ ಇಲ್ಲ. ಸಕ್ಕರೆ ತೀರ ಇಳಿದರೂ ಮಿದುಳಿಗೆ ಪೆಟ್ಟೇ.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಲೋಕದ ಎಲ್ಲ ಅಧ್ಯಯನಗಳನ್ನು ಕೂಡಿಸಿ, ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಗುರುತಿಸಿತು. ಅವೆಲ್ಲ ಇಲ್ಲವಾದರೆ ಡಿಮೆನ್ಷಿಯಾದ ನೂರಕ್ಕೆ 45 ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ. ಬಿ.ಪಿ., ಶುಗರ್ ಅಲ್ಲದೆ ಕಿವುಡು ಮತ್ತು ಮಂದದೃಷ್ಟಿಯೂ ಆ ಪಟ್ಟಿಯಲ್ಲಿವೆ. ಕಿವಿ ಕೇಳಿಸದ ಅಜ್ಜ ಮಾತಿನಿಂದ ದೂರ ಸರಿದು ಮೂಲೆ ಸೇರುತ್ತಾರೆ. ಕಣ್ಣಿನ ಪೊರೆ ತೆಗೆಸದ ಅಜ್ಜಿ ಜಪದ ಪುಸ್ತಕ ಮುಚ್ಚಿಡುತ್ತಾರೆ. ಅದನ್ನು ನಾವು ಮುಪ್ಪು ಎನ್ನುತ್ತೇವೆ.

ವೈದ್ಯರ ಬಳಿಗೆ ಹೋದರೆ ಇನ್ನೊಂದು ಲಾಭವಿದೆ. ಮರೆವೆಲ್ಲ ಆಲ್ಝೈಮರ್ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳು ಇವೂ ಮರೆವು ತರುತ್ತವೆ, ಇವುಗಳಿಗೆ ಚಿಕಿತ್ಸೆಯಿದೆ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಹಿರಿಯರು ತೊದಲಿ, ಗಲಿಬಿಲಿಯಾಗಿ, ಏನೇನೋ ಕಂಡಂತೆ ಮಾತಾಡಿದರೆ ಅದು ತುರ್ತು. ಮೂತ್ರದ ಸೋಂಕೋ, ರಕ್ತದಲ್ಲಿ ಉಪ್ಪಿನ ಏರುಪೇರೋ, ಪಾರ್ಶ್ವವಾಯುವೋ ಇರಬಹುದು. ಬೆಳಗಾಗಲಿ ನೋಡೋಣ ಎನ್ನಬಾರದು.

ಕದ್ದ ಬಳೆ

ಕಾಯಿಲೆ ಬಂದಾಗಿದ್ದರೆ? ನಮ್ಮಲ್ಲಿಗೆ ಬರುವ ಅತ್ತೆ-ಸೊಸೆ ಜಗಳಗಳಲ್ಲಿ ಕೆಲವಕ್ಕೆ ಇದೇ ಮೂಲ. "ನನ್ನ ಬಳೆ ಇವಳು ಕದ್ದಳು." "ಬೆಳಿಗ್ಗೆಯಿಂದ ಊಟ ಹಾಕಿಲ್ಲ." ನೆರೆಯವರು ನಂಬುತ್ತಾರೆ. ದೂರದ ಊರಿನಲ್ಲಿರುವ ಮಗಳು ಫೋನಿನಲ್ಲಿ ಕೇಳಿ ನಂಬುತ್ತಾಳೆ. ಮೂರು ಹೊತ್ತು ಉಣಿಸಿದ ಸೊಸೆ ಕಳ್ಳಿಯಾಗುತ್ತಾಳೆ.

ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೆಡಿಸುವುದು ಹೊಸ ನೆನಪುಗಳನ್ನು ಕೂಡಿಡುವ ಭಾಗವನ್ನು. ಅತ್ತೆಯೇ ಬಳೆಯನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾರೆ, ಇಟ್ಟದ್ದು ಮನಸ್ಸಿನಲ್ಲಿ ಬರೆದೇ ಇಲ್ಲ. ಅವರ ಪಾಲಿಗೆ ಬಳೆ ಇತ್ತು, ಈಗ ಇಲ್ಲ. ಅಂದರೆ ಯಾರೋ ತೆಗೆದಿದ್ದಾರೆ, ಮನೆಯಲ್ಲಿರುವುದು ಸೊಸೆ. ಕೈಗೆ ಸಿಕ್ಕ ತುಣುಕುಗಳಿಂದ ಮನಸ್ಸು ಕಟ್ಟಿಕೊಂಡ ಲೆಕ್ಕವದು. ಅವರು ಸುಳ್ಳು ಹೇಳುತ್ತಿಲ್ಲ. ಸಾಕ್ಷಿ ಸಮೇತ ವಾದಿಸಿ ಗೆದ್ದರೂ ಅರ್ಧ ಗಂಟೆಯಲ್ಲಿ ವಾದ ಮರೆಯುತ್ತದೆ, ಅವಮಾನದ ಉರಿ ಮಾತ್ರ ಉಳಿಯುತ್ತದೆ. "ಬನ್ನಿ ಅತ್ತೆ, ಇಬ್ಬರೂ ಹುಡುಕೋಣ" ಎಂದರೆ ಸಾಕು. ಊಟವಾಗಿಲ್ಲ ಎಂದರೆ ಅರ್ಧ ಲೋಟ ರಾಗಿಗಂಜಿ ಕೊಟ್ಟರೆ ನಷ್ಟವೇನು? ಸಂಜೆಯಾಗುತ್ತಲೇ "ಮನೆಗೆ ಹೋಗಬೇಕು" ಎಂದು ತಮ್ಮದೇ ಮನೆಯ ಬಾಗಿಲಲ್ಲಿ ನಿಲ್ಲುವ ಅಜ್ಜಿ ಕೇಳುತ್ತಿರುವುದು ಎಷ್ಟೋ ವರ್ಷದ ಹಿಂದೆ ಬಿದ್ದುಹೋದ ತವರುಮನೆಯನ್ನು. ಇದೇ ನಿಮ್ಮ ಮನೆ ಎಂದು ಗದರುವುದಕ್ಕಿಂತ, ತವರಿನಲ್ಲಿ ಯಾವ ಯಾವ ಮರಗಳಿದ್ದವು ಎಂದು ಕೇಳಿ ನೋಡಿ.

ತಂದೆಯ ಬುದ್ಧಿ ಕುಂದಿದರೂ ತಾಳಿಕೊಳ್ಳಬೇಕೆಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ಮಗನಿಗೆ ಹೇಳುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಬರಹವದು. ಅಂದೂ ಈ ಕಷ್ಟ ಮನೆಗಳಲ್ಲಿ ಇತ್ತು ಎಂದಾಯಿತು. ಆದರೆ ನಮ್ಮ ಮನೆಗಳಲ್ಲಿ ಆ ತಾಳ್ಮೆಯ ಭಾರವೆಲ್ಲ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ, ಸೊಸೆಯೋ ಮದುವೆಯಾಗದ ಮಗಳೋ. ಗಲ್ಫಿನಲ್ಲಿರುವ ಮಗ ಹಣ ಕಳಿಸುತ್ತಾನೆ, ನಿಜ. ಹಣ ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವುದಿಲ್ಲ. ಭಾನುವಾರದ ಪೂಜೆಗೆ ಬರಲಾಗಲಿಲ್ಲವೆಂದು ಇಂಥವರು ಕೊರಗುತ್ತಾರೆ. ರೋಗಿಯನ್ನು ಒಂಟಿಯಾಗಿ ಬಿಡಲಾಗದವರಿಗೆ ಆ ಕಡ್ಡಾಯದಿಂದ ವಿನಾಯಿತಿ ಇದೆ, ಕೊರಗಬೇಡಿ. ಆದರೆ ವಿನ್ಸೆಂಟ್ ದ ಪಾವ್ಲ್ ಸಭೆಯವರೂ ಸ್ತ್ರೀ ಸಂಘದವರೂ ಸರದಿಯ ಮೇಲೆ ಭಾನುವಾರ ಎರಡು ಗಂಟೆ ಆ ಮನೆಯಲ್ಲಿ ಕೂತರೆ, ಆಕೆ ಪೂಜೆಗೂ ಬರಬಹುದು, ದಾರಿಯಲ್ಲಿ ಇಬ್ಬರೊಡನೆ ನಗಲೂಬಹುದು.

ಮಗನ ಹೆಸರು ಮರೆತ ತಾಯಿ ಜಪಸರ ಕೈಗಿಟ್ಟಾಗ ಮಣಿ ಎಣಿಸುತ್ತಾ ನಮೋ ಮರಿಯಾ ಪ್ರಾರ್ಥನೆಗೆ ದನಿಗೂಡಿಸುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಬಾಲ್ಯದಲ್ಲಿ ಕಲಿತು ದಿನವೂ ಲಯಬದ್ಧವಾಗಿ ಹೇಳಿದ್ದು ಬಹಳ ಕಾಲ ಉಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಸಂಜೆಯ ಕುಟುಂಬ ಪ್ರಾರ್ಥನೆಗೆ ಅವರನ್ನು ಹಿಂದಿನ ಕೋಣೆಯಿಂದ ಕರೆತಂದು ನಡುವೆ ಕೂರಿಸಿ.

ಕೋಲಾರದ ಹಳ್ಳಿಗಳಲ್ಲಿ

ಇಂಥ ಅಧ್ಯಯನ ನಮ್ಮಲ್ಲೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾರೆ. ನೆನಪು, ಬಿ.ಪಿ., ಶುಗರ್, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ನೋಡುತ್ತಾರೆ. ಅಮೆರಿಕದ ಸಿಸ್ಟರ್‌ಗಳಿಗೆ ನಿಜವಾದದ್ದು ರಾಗಿ ಉಣ್ಣುವ, ಬಿಸಿಲಿನಲ್ಲಿ ದುಡಿಯುವ, ಶಾಲೆ ಕಾಣದ ನಮ್ಮ ರೈತ ಮಹಿಳೆಗೆ ಎಷ್ಟರಮಟ್ಟಿಗೆ ನಿಜ ಎಂಬುದು ಇಂಥ ಅಧ್ಯಯನದಿಂದಲೇ ತಿಳಿಯಬೇಕು. ಮಿದುಳುದಾನ ಪಡೆದು ಸಂಶೋಧನೆಗೆ ಕಾದಿರಿಸುವ ಬ್ಯಾಂಕು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಮನಸ್ಸಿದ್ದವರು ಮನೆಯವರೊಡನೆ ಮಾತಾಡಿ ಅಲ್ಲಿ ವಿಚಾರಿಸಬಹುದು. ಹಿರಿಯರ ವಿಷಯದಲ್ಲಿ ನೆರವು ಬೇಕಾದವರು ಸರ್ಕಾರದ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹಿರಿಯರ ಭಾನುವಾರದಂದು ಬಲಿಪೂಜೆಯ ನಂತರ ಶಾಲಿನ ಜೊತೆಗೆ ಬಿ.ಪಿ. ಅಳೆಯುವ ಒಂದು ಮೇಜನ್ನೂ ಇಡುತ್ತೇವೆ. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು, ನಿಲ್ಲಿಸಿಬಿಟ್ಟ ಮಾತ್ರೆಗಳದ್ದನ್ನೂ, ಮರೆಯದೆ ತನ್ನಿ. ಬರಲಾಗದ ಹಿರಿಯರಿದ್ದರೆ ಮನೆಯ ಹೆಸರನ್ನು ಗುರುಗಳ ಮನೆಯಲ್ಲಿ ಬರೆಸಿಡಿ. ಮೊದಲ ಶುಕ್ರವಾರ ಪರಮಪ್ರಸಾದ ತರುವಾಗ ಬಿ.ಪಿ. ನೋಡಲು ಬಲ್ಲ ಸಿಸ್ಟರ್ ಒಬ್ಬರನ್ನೂ ಜೊತೆಯಲ್ಲಿ ಕರೆತರುತ್ತೇವೆ.